‘ಇಲ್ಲ’ ಎಂದರೆ ನಂಬದ ಅನುಮಾನದಕ್ಕ

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗಕ್ಕೆ ಅಂಟಿಕೊಂಡ ಕಿಟಕಿಯಿಲ್ಲದ ಕೊಠಡಿಯೊಂದರಲ್ಲಿ ದೀಪ ಉರಿಯುತ್ತಿದೆ. ಗೋಡೆಯಾಚೆ ಒಗೆಯುವ ಯಂತ್ರಗಳ ಗುಡುಗುಡು ಸದ್ದು. ಕನ್ನಡಕವನ್ನು ಹಣೆಗೇರಿಸಿ, ಮೂಗು ಪರದೆಗೆ ತಾಗುವಷ್ಟು ಹತ್ತಿರ ಕೂತ ಐವತ್ತರ ಹೆಂಗಸೊಬ್ಬರು ಒಂದರ ಕೆಳಗೊಂದು ಇಳಿಯುವ ಸಾಲುಗಳನ್ನು ನೋಡುತ್ತಿದ್ದಾರೆ. ಕೊನೆಗೊಂದು ಹಸಿರು ಗುರುತು ಮೂಡುತ್ತದೆ. ಎಲ್ಲವೂ ಸರಿಯಾಗಿ ಬಂದಿದೆ ಎಂದರ್ಥ. ಅವರ ಹುಬ್ಬು ಗಂಟಾಗುತ್ತದೆ.

“ಒಂದೂ ತಪ್ಪಿಲ್ವಂತೆ! ನಂಬೋ ಮಾತಾ ಇದು?” ಎನ್ನುತ್ತ ಮೊದಲ ಸಾಲಿನಿಂದ ಮತ್ತೆ ಓದತೊಡಗುತ್ತಾರೆ.

ಆಸ್ಪತ್ರೆಯ ಮಂದಿ ಇವರನ್ನು ಕರೆಯುವುದೇ ಅನುಮಾನದಕ್ಕ ಎಂದು. ಎದುರಿಗೇ ಕರೆದರೂ ಬೇಸರವಿಲ್ಲ. ನಗರದ ಏಳು ಕಡೆಯ ಕ್ಲಿನಿಕ್ಕುಗಳು, ಪ್ರಯೋಗಾಲಯಗಳು ರೋಗಿಗಳ ವಿವರವನ್ನು ತಮ್ಮ ತಮ್ಮ ಡೇಟಾಬೇಸಿನಲ್ಲಿ ಇಟ್ಟುಕೊಂಡಿವೆ. ಒಬ್ಬರದು ಇನ್ನೊಬ್ಬರಿಗೆ ಹೊಂದುವುದಿಲ್ಲ. ಒಂದು ಕಡೆ ವಯಸ್ಸು ಬರೆದರೆ ಇನ್ನೊಂದು ಕಡೆ ಹುಟ್ಟಿದ ದಿನ. ಅದನ್ನೆಲ್ಲ ಎಳೆದು ತಂದು, ಆಸ್ಪತ್ರೆಯ ಸ್ವಂತ ತಂತ್ರಾಂಶ ಒಪ್ಪುವಂತೆ ಜೋಡಿಸಿಕೊಡುವ ಪ್ರೋಗ್ರಾಂ ಬರೆಯುವುದು ಅಕ್ಕನ ಕೆಲಸ. ದಿನಕ್ಕೆ ಸುಮಾರು ಸಾವಿರದ ನಾನೂರು ಸಾಲು. ಅದರಲ್ಲಿ ಮೂವತ್ತೋ ನಲವತ್ತೋ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತವೆ. ಎಂಟಕ್ಕೆ ಹೊರರೋಗಿ ವಿಭಾಗದ ಬಾಗಿಲು ತೆರೆಯುವ ಮೊದಲು ಅವನ್ನು ಬಿಡಿಸಬೇಕು.

ಇವರು ಕಂಪ್ಯೂಟರ್ ಓದಿ ಬಂದವರಲ್ಲ. ಹದಿನಾಲ್ಕು ವರ್ಷ ಇದೇ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಫೈಲು ಹೊತ್ತವರು. ಧೂಳು ಕುಡಿದು ಕುಡಿದು ಉಬ್ಬಸ ಅಂಟಿಕೊಂಡಿತು. ಕಂಪ್ಯೂಟರ್ ಬಂದು ಜೊತೆಯವರೆಲ್ಲ ಕೆಲಸ ಕಳೆದುಕೊಂಡು ಮನೆಗೆ ಹೋದಾಗ ಸಂಜೆ ತರಗತಿಗೆ ಸೇರಿಕೊಂಡರು. “ಕ್ಲಾಸಲ್ಲಿ ಎಲ್ರೂ ನನ್ನ ಮಗಳ ವಯಸ್ಸಿನವ್ರು. ಮೇಷ್ಟ್ರು ನನ್ನನ್ನ ಯಾರದೋ ತಾಯಿ ಅಂದ್ಕೊಂಡು ಹೊರಗೆ ಕೂತ್ಕೊಳ್ಳಿ ಅಂದಿದ್ರು” ಎಂದು ನಗುತ್ತಾರೆ. ದರ್ಜಿಯಾಗಿರುವ ಗಂಡ ಆ ಎರಡು ವರ್ಷ ಹೊಲಿಗೆ ಬಿಟ್ಟೆದ್ದು ಅಡುಗೆ ಮಾಡಿದರು.

ಕಳೆದ ವರ್ಷ ಏಳನೆಯ ಕ್ಲಿನಿಕ್ಕಿನ ಸಂಪರ್ಕ ಶುರುವಾದ ಮೂರನೇ ವಾರಕ್ಕೆ ಅಕ್ಕನ ಮೂಗಿಗೆ ಏನೋ ಬಡಿಯಿತು. ಪ್ರತಿ ರೋಗಿಯ ಸಾಲಿನಲ್ಲೂ ‘ಒಗ್ಗದ ಔಷಧ ಇದೆಯೇ?’ ಎಂಬ ಪ್ರಶ್ನೆ ಇರುತ್ತದೆ. ಬೇರೆ ಕಡೆಯಿಂದ ಬರುವ ನೂರು ಜನರಲ್ಲಿ ಐದಾರು ಮಂದಿಗೆ ‘ಇದೆ’. ಈ ಕ್ಲಿನಿಕ್ಕಿನಿಂದ ಬಂದ ನಾನೂರರಲ್ಲಿ ಇಬ್ಬರಿಗೆ ಮಾತ್ರ.

“ಅಲ್ಲಿಗೆ ಹೋಗೋರಿಗೆಲ್ಲ ಏನು ಕಬ್ಬಿಣದ ಮೈಯಾ?” ಎಂದು ಕ್ಲಿನಿಕ್ಕಿಗೆ ಫೋನು ಹಚ್ಚಿದರು. ಅಲ್ಲಿನ ತಂತ್ರಜ್ಞ, “ಮೇಡಂ, ನಮ್ಮ ಕಡೆ ಎಲ್ಲ ಸರಿಯಾಗಿದೆ” ಎಂದು ಇಟ್ಟುಬಿಟ್ಟ. ಅವನು ಅಷ್ಟು ಬೇಗ ಹೇಳಿದ್ದೇ ಅನುಮಾನ ಹೆಚ್ಚಿಸಿತು. ವ್ಯವಸ್ಥಾಪಕರು ರೇಗಿದರು: “ಎಲ್ಲದಕ್ಕೂ ಹೀಗೆ ಅನುಮಾನ ಪಟ್ರೆ ಕೆಲಸ ಸಾಗುತ್ತೇನಮ್ಮ?”

ಮರುದಿನ ಬೆಳಿಗ್ಗೆ ಶಸ್ತ್ರಚಿಕಿತ್ಸೆಯ ಪಟ್ಟಿಯಲ್ಲಿ ಅದೇ ಕ್ಲಿನಿಕ್ಕಿನಿಂದ ಬಂದ ಒಬ್ಬ ಪೇಂಟರ್ ಇದ್ದ. ಒಗ್ಗದ ಔಷಧ: ಇಲ್ಲ. ಆ ಹೆಸರನ್ನು ಅಕ್ಕ ಎಲ್ಲೋ ಓದಿದ್ದರು. ಹಳೆಯ ಕಪಾಟು ತೆಗೆದು ಹುಡುಕಿದರೆ ಹನ್ನೆರಡು ವರ್ಷದ ಹಿಂದಿನ ಫೈಲು ಸಿಕ್ಕಿತು. ರಟ್ಟಿನ ಮೇಲೆ ಕೆಂಪು ಶಾಯಿಯ ಗೀಟು, ಒಗ್ಗದ ಔಷಧ ಇದೆ ಎಂಬುದಕ್ಕೆ ಆಗ ಹಾಕುತ್ತಿದ್ದ ಗುರುತು. ಲಿಫ್ಟಿಗೂ ಕಾಯದೆ, ಉಬ್ಬಸದ ಎದೆ ಹಿಡಿದುಕೊಂಡು ಮೂರು ಮಹಡಿ ಹತ್ತಿದರು. ವಾರ್ಡಿನಲ್ಲಿ ಸಿಸ್ಟರ್ ಆಗಲೇ ಸಿರಿಂಜಿಗೆ ಔಷಧ ಎಳೆಯುತ್ತಿದ್ದರು.

“ಸಿಸ್ಟರ್, ತಡೀರಿ!”

“ಕಂಪ್ಯೂಟರಲ್ಲಿ ಇಲ್ಲ ಅಂತಿದೆಯಲ್ಲ ಅಕ್ಕ. ನೀವೇ ತಾನೆ ಕಳಿಸಿದ್ದು?”

“ನಾನೇ ಕಳಿಸಿದ್ದು. ಅದಕ್ಕೇ ತಡೀರಿ ಅಂತಿರೋದು.” ಏದುಸಿರು ಬಿಡುತ್ತಲೇ ಪೇಂಟರ್ ಕಡೆ ತಿರುಗಿದರು. “ಅಣ್ಣ, ನಿಮಗೆ ಯಾವುದಾದ್ರೂ ಇಂಜೆಕ್ಷನ್ ಆಗಲ್ವಾ?”

“ಪೆನ್ಸಿಲಿನ್ ಆಗಲ್ಲ ತಾಯಿ. ಒಂದ್ಸಲ ಮುಖ ಕುಂಬಳಕಾಯಿ ಥರ ಊದ್ಕೊಂಡು ಉಸಿರೇ ನಿಂತುಹೋಗಿತ್ತು. ಕ್ಲಿನಿಕ್ಕಲ್ಲಿ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.”

ಸಿಸ್ಟರ್ ಕೈಯಲ್ಲಿದ್ದದ್ದು ಅದೇ ಗುಂಪಿನ ಔಷಧ.

ಅಕ್ಕ ಕಳ್ಳನನ್ನು ಹಿಡಿಯಲೆಂದೇ ಕೆಳಗಿಳಿದರು. ಕ್ಲಿನಿಕ್ಕಿನ ಡೇಟಾಬೇಸನ್ನೇ ನೇರವಾಗಿ ತೆರೆದು ಪೇಂಟರ್‌ನ ಸಾಲು ನೋಡಿದರು. ಅಲ್ಲಿ ‘ಇಲ್ಲ’ ಎಂದೇನೂ ಇರಲಿಲ್ಲ. ಆ ಜಾಗ ಖಾಲಿ ಇತ್ತು. ಕೇಳಿರಲಿಲ್ಲ, ಬರೆದಿರಲಿಲ್ಲ. ಹಾಗಾದರೆ ಖಾಲಿ ಜಾಗಕ್ಕೆ ‘ಇಲ್ಲ’ ತುಂಬಿದ್ದು ಯಾರು? ತಮ್ಮದೇ ಪ್ರೋಗ್ರಾಂ ತೆರೆದು ಬೆರಳಿಟ್ಟು ಓದುತ್ತ ಬಂದರು. ನಲವತ್ತಮೂರನೇ ಸಾಲಿನಲ್ಲಿ ಬೆರಳು ನಿಂತಿತು. ಖಾಲಿ ಬಂದರೆ ಆಸ್ಪತ್ರೆಯ ತಂತ್ರಾಂಶ ಇಡೀ ಸಾಲನ್ನೇ ಹೊರಗೆಸೆಯುತ್ತಿತ್ತು. ಸೋಮವಾರದಿಂದಲೇ ಶುರುವಾಗಬೇಕೆಂದು ಮೇಲಿನವರ ಅವಸರ. ಆ ಅವಸರದಲ್ಲಿ ‘ಖಾಲಿ ಇದ್ದರೆ ಇಲ್ಲ ಎಂದು ತುಂಬು’ ಎಂದು ಬರೆದವರು ಸ್ವತಃ ಅಕ್ಕ.

“ಊರವರನ್ನೆಲ್ಲ ಅನುಮಾನಿಸ್ದೆ. ನನ್ನ ಕೈಯನ್ನ ಅನುಮಾನಿಸೋದು ಮರ್ತೇಬಿಟ್ಟಿದ್ದೆ” ಎನ್ನುವಾಗ ಅವರ ದನಿ ಇಂದಿಗೂ ಇಳಿಯುತ್ತದೆ.

ಆ ಸಾಲು ಅಳಿಸಿಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಕ್ಕ ಅದನ್ನು ಮುದ್ರಿಸಿಕೊಂಡು ವ್ಯವಸ್ಥಾಪಕರ ಮೇಜಿನ ಮೇಲಿಟ್ಟರು. “ಕಳ್ಳ ಸಿಕ್ಕ ಸರ್. ನಾನೇ.”

ವಿಚಾರಣೆ ನಡೆಯಿತು. ಒಂದು ತಿಂಗಳು ಅವರ ಪಾಸ್‌ವರ್ಡ್‌ಗಳನ್ನೆಲ್ಲ ಕಿತ್ತುಕೊಂಡರು. ಹೊಸ ಸಂಪರ್ಕ ಕೆಡಿಸಲೆಂದೇ ಹೀಗೆ ಮಾಡಿದಳೇನೋ ಎಂದು ಕ್ಯಾಂಟೀನಿನಲ್ಲಿ ಗುಸುಗುಸು ಎದ್ದಿತು. ಗೇಟಿನ ಕಾವಲುಗಾರ ದಿನಾ ಬ್ಯಾಗು ತಡಕುತ್ತಿದ್ದ. “ಹೇಳ್ಲೇಬೇಕಿತ್ತಾ?” ಎಂದು ಗಂಡ ಕತ್ತರಿ ಆಡಿಸುತ್ತಲೇ ಕೇಳಿದರಂತೆ. ಅಕ್ಕನ ಉತ್ತರ: “ಮುಚ್ಚಿಟ್ಟಿದ್ರೆ ಉಳಿದ ನಾನೂರು ಜನರನ್ನ ಮತ್ತೆ ಕೇಳೋರು ಯಾರು?”

ಆ ನಾನೂರು ಜನರಿಗೂ ಫೋನು ಹೋಯಿತು. ಹತ್ತೊಂಬತ್ತು ಮಂದಿ ‘ಇದೆ’ ಎಂದರು. ಪಾಸ್‌ವರ್ಡ್‌ಗಳು ಕೈಗೆ ಮರಳಿದ ದಿನ ಅಕ್ಕ ಮೊದಲು ಕೇಳಿದ್ದು ತಂತ್ರಾಂಶಕ್ಕೊಂದು ಮೂರನೇ ಉತ್ತರ: ‘ಕೇಳಿಲ್ಲ’. ಈಗ ಖಾಲಿ ಬಂದ ಸಾಲು ಹಳದಿಯಾಗಿ ನಿಲ್ಲುತ್ತದೆ. ಯಾರಾದರೂ ರೋಗಿಯನ್ನೇ ಕೇಳಿ ಬರೆಯುವ ತನಕ ಸಿಸ್ಟರ್‌ಗೆ ಮುಂದಿನ ಪುಟ ತೆರೆಯುವುದಿಲ್ಲ. ಮೊದಮೊದಲು ವಾರ್ಡಿನವರು ಬೈದುಕೊಂಡರು, ಈಗ ಒಗ್ಗಿಹೋಗಿದ್ದಾರೆ. ಆ ಬೆಳಗಿನ ಸಿಸ್ಟರ್ ಮಾತ್ರ ಹಳದಿ ಇರಲಿ ಬಿಡಲಿ, ಎಲ್ಲರನ್ನೂ ಕೇಳಿಯೇ ಸಿರಿಂಜು ಎತ್ತುತ್ತಾರೆ.

ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಅಕ್ಕ ಕುರ್ಚಿಗೆ ಒರಗುತ್ತಾರೆ.

“ಆ ಸಿಸ್ಟರ್ ಥರ ಎಲ್ರೂ ಆಗ್ಬೇಕು. ಅನುಮಾನದಕ್ಕ ಕಳಿಸಿದ್ದಾಳೆ, ಸರಿಯಾಗೇ ಇರುತ್ತೆ ಅಂತ ಯಾರೂ ಸುಮ್ನಾಗ್ಬಾರ್ದು. ನಾನು ಕಳಿಸಿದ್ದನ್ನೂ ಒಂದ್ಸಲ ಮುಖ ನೋಡಿ ಕೇಳ್ಬೇಕು.”