ಉಪೇಂದ್ರ ಬಡಿಗೇರ ವೇದಿಕೆಯಿಂದ ಇಳಿಯದ ದಿನ

ನನ್ನನ್ನು ಆ ಸಮಿತಿಗೆ ಯಾಕೆ ಹಾಕಿದರು ಎಂಬುದು ಇವತ್ತಿಗೂ ನನ್ನ ತಲೆಗೆ ಹೋಗಿಲ್ಲ. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಆರು ವಾರ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದೆ. ಅದೊಂದೇ ನನ್ನ ಅರ್ಹತೆ. ತಿರುವನಂತಪುರದ ಉಳ್ಳೂರಿನಲ್ಲಿರುವ ನಮ್ಮ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಜೋಸೆಫ್ ಸರ್ ಮುಖ್ಯಸ್ಥರು. ರೋಗಿಗಳ ಕಡತ ಕಾಯುವ ನಮ್ಮಂಥವರ ಅಖಿಲ ಭಾರತ ಸಮ್ಮೇಳನವನ್ನು ಕೊಚ್ಚಿಯಲ್ಲಿ ನಡೆಸುವ ಹೊಣೆ ಅವರ ಹೆಗಲಿಗೆ ಬಂದಿತ್ತು. ಸಾವಿರದ ಎಂಟುನೂರು ಜನ ಸೇರುವ ಸಭೆ. ಅಂಗವಿಕಲ ಪ್ರತಿನಿಧಿಗಳಿಗೆ ಎಲ್ಲ ಅನುಕೂಲ ಮಾಡಲು ಒಂದು ಸಮಿತಿ ಇರಬೇಕೆಂದು ಸಂಘದಿಂದ ಪತ್ರ ಬಂದಾಗ ಅವರು ಕಚೇರಿಯನ್ನೊಮ್ಮೆ ಸುತ್ತ ನೋಡಿ, "ಮೋಹಿನಿ ಮೇಡಂ, ಕಾಲಿನ ಕಷ್ಟ ನಿಮಗೆ ಗೊತ್ತಲ್ಲ" ಎಂದರು. ಇಲ್ಲ ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ. ಅದೊಂದು ರೋಗ.

ನನಗೆ ಗೊತ್ತಿದ್ದದ್ದು ಸೊನ್ನೆ. ಗೊತ್ತಿದ್ದವರು ಪಕ್ಕದ ಮೇಜಿನಲ್ಲೇ ಕೂತಿದ್ದರು.

ಉಪೇಂದ್ರ ಬಡಿಗೇರ ನನ್ನ ಹಾಗೆಯೇ ಕನ್ನಡದವರು, ಊರು ಗದಗ. ಎರಡನೇ ವರ್ಷಕ್ಕೆ ಪೋಲಿಯೋ ಆಗಿ ಎರಡೂ ಕಾಲು ಹೋದವು. ಗಾಲಿಕುರ್ಚಿಯಲ್ಲಿ ಓದಿ, ಗಾಲಿಕುರ್ಚಿಯಲ್ಲೇ ಪರೀಕ್ಷೆ ಬರೆದು, ಹನ್ನೊಂದು ವರ್ಷದ ಹಿಂದೆ ನಮ್ಮ ಆಸ್ಪತ್ರೆಗೆ ಬಂದವರು. ಹಿಂದೆ ಎರಡು ಚಕ್ರ ಹೆಚ್ಚಿಗೆ ಜೋಡಿಸಿದ ಸ್ಕೂಟರಿನಲ್ಲಿ ಓಡಾಡುತ್ತಾರೆ. ಪುಟ್ಟು ಎಂಬ ಇಲ್ಲಿಯ ಅಕ್ಕಿಹಿಟ್ಟಿನ ತಿಂಡಿಗೆ ಶೇಂಗಾ ಚಟ್ನಿ ಪುಡಿ ಕಲಸಿ ತಿನ್ನುತ್ತಾರೆ, ಎಲ್ಲರೂ ಚೇಚಿ, ಅಕ್ಕ, ಎನ್ನುವ ಕ್ಯಾಂಟೀನಿನ ಹೆಂಗಸು ಅದನ್ನು ನೋಡಿ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಅವರ ಮಲಯಾಳಕ್ಕೆ ಗದಗಿನ ರಾಗವಿದೆ; ಬೈದರೂ ಬೈದ ಹಾಗಿರುವುದಿಲ್ಲ, ಹೊಗಳಿದರೆ ಮಾತ್ರ ಬೈದ ಹಾಗೆ ಕೇಳಿಸುತ್ತದೆ. ವೈದ್ಯರ ಕೈಬರಹ ಓದುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ದೊಡ್ಡ ದೊಡ್ಡ ಸರ್ಜನ್‌ಗಳೇ ಫೋನ್ ಮಾಡಿ, "ಉಪೇಂದ್ರ, ಹೋದ ವರ್ಷ ನಾನು ಇಲ್ಲಿ ಏನು ಬರೆದಿದ್ದೆ?" ಎಂದು ಕೇಳುವುದನ್ನು ಈ ಕಿವಿಯಾರೆ ಕೇಳಿದ್ದೇನೆ.

ಆ ಸಲದ ಸಮ್ಮೇಳನದಲ್ಲಿ ಅವರದೂ ಒಂದು ಪ್ರಬಂಧವಿತ್ತು. ಬಿದ್ದು ಪೆಟ್ಟಾಗಿ ಆಸ್ಪತ್ರೆಗೆ ಬರುವವರ ಕಡತದಲ್ಲಿ 'ಎಲ್ಲಿ ಬಿದ್ದರು' ಎಂಬ ಜಾಗವನ್ನು ಯಾರೂ ತುಂಬುವುದಿಲ್ಲವಂತೆ. ಮೂಳೆ ಎಲ್ಲಿ ಮುರಿಯಿತೆಂದು ಬರೆಯುತ್ತಾರೆ, ಯಾವ ಮೆಟ್ಟಿಲಿನಲ್ಲಿ ಎಂದು ಬರೆಯುವುದಿಲ್ಲ. ಏಳು ವರ್ಷದ ಕಡತ ತೆಗೆದು ಅವರು ಇದನ್ನು ತೋರಿಸಿದ್ದರು. ಉದ್ಘಾಟನೆಯ ಬೆನ್ನಿಗೇ, ದೊಡ್ಡ ವೇದಿಕೆಯಲ್ಲಿ, ಹದಿನೈದು ನಿಮಿಷ ಸಿಕ್ಕಿತ್ತು.

"ನಿಮಗೆ ಎಂತೆಲ್ಲ ಅನುಕೂಲ ಆಗ್ಬೇಕು, ಒಂದು ಪಟ್ಟಿ ಕೊಡಿ ಮಾರಾಯ್ರೆ" ಎಂದೆ.

"ಪಟ್ಟಿ ಯಾಕ್ರೀ ಮೇಡಂ. ನನ್ನ ಯಾರೂ ಎತ್ತಬಾರದು. ಇಷ್ಟ ನೋಡ್ರಿ."

ಆರು ವರ್ಷದ ಹಿಂದೆ ಕೊಚ್ಚಿಯ ಪಾಲಾರಿವಟ್ಟಂನ ಒಂದು ಹೋಟೆಲಿನಲ್ಲಿ ಇಂಥದ್ದೇ ಸಭೆ ನಡೆದಿತ್ತು. ಪ್ರಶಸ್ತಿ ಪತ್ರ ಕೊಡುವಾಗ ನಾಲ್ಕು ಜನ ಸ್ವಯಂಸೇವಕರು ಅವರನ್ನು ಕೇಳದೆ ಕುರ್ಚಿ ಸಮೇತ ಎತ್ತಿ ವೇದಿಕೆಗೆ ಹೊತ್ತರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಪತ್ರಕ್ಕಲ್ಲ, ಹೊತ್ತದ್ದಕ್ಕೆ. ಯಾರೋ ಫೋಟೋ ತೆಗೆದು, ಕೆಳಗೆ ಮಾನವೀಯತೆ ಇನ್ನೂ ಬದುಕಿದೆ ಎಂದು ಬರೆದು ಹರಿಯಬಿಟ್ಟರು. ಅದು ಊರೆಲ್ಲ ಸುತ್ತಿ ಗದಗಿನಲ್ಲಿದ್ದ ಅವರ ಅವ್ವನ ಫೋನಿಗೂ ಬಂತು. ಆ ತಾಯಿ ಫೋನ್ ಮಾಡಿ, "ನಾಕ ಮಂದಿ ಹೊರೂದು ಒಮ್ಮೆ ಮಾತ್ರೋ ಯಪ್ಪಾ, ಅದೂ ಕಡೀಕ. ಇವರ‍್ಯಾಕ ನಿನ್ನ ಈಗ ಹೊತ್ತಾರ?" ಎಂದು ಅತ್ತಳಂತೆ. ಇದನ್ನು ಹೇಳುವಾಗ ಉಪೇಂದ್ರರ ಮುಖದಲ್ಲಿ ನಗುವಿತ್ತು. ಆದರೆ ಅವತ್ತಿನಿಂದ ಅವರು ಯಾವ ವೇದಿಕೆಯನ್ನೂ ಹತ್ತಿರಲಿಲ್ಲ.

"ನಾನಿದ್ದೇನಲ್ಲ, ಯಾರೂ ನಿಮ್ಮನ್ನು ಮುಟ್ಟುವುದಿಲ್ಲ" ಎಂದು ಮಾತು ಕೊಟ್ಟೆ. ಕೊಡುವಾಗ ನಾಲಿಗೆಗೆ ಎಷ್ಟು ಸಲೀಸು ನೋಡಿ.

ಅಲ್ಲಿಂದ ನನ್ನ ಗೊಂದಲಪುರಾಣ ಶುರು. ವೇದಿಕೆಗೆ ಏರುವ ಇಳಿಜಾರು ಒಂದಕ್ಕೆ ಹನ್ನೆರಡರಂತೆ ಇರಬೇಕು ಎಂದು ಉಪೇಂದ್ರ ಹೇಳಿದ್ದರು. ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ ಎಂದು ಅದರ ಅರ್ಥ. ನಾನು ಅಲಂಕಾರದ ಗುತ್ತಿಗೆದಾರನಿಗೆ ಒಂದು ಅಡಿಗೆ ಹನ್ನೆರಡು ಇಂಚು ಎಂದೆ! ಅವನು ಕಳಿಸಿದ ನಕ್ಷೆಯ ಇಳಿಜಾರನ್ನು ಆಡು ಕೂಡ ಹತ್ತಲಾರದು. ಉಪೇಂದ್ರ ಅದನ್ನು ನೋಡಿ, "ಮೇಡಂ, ಇದು ಏರೂ ಹಾದಿ ಅಲ್ರೀ, ಜಾರಬಂಡಿ" ಎಂದರು. ವೇದಿಕೆ ಎರಡೂವರೆ ಅಡಿ ಎತ್ತರ, ಹಾಗಾಗಿ ಮೂವತ್ತು ಅಡಿ ಬೇಕು ಎಂದಾಗ ಜೋಸೆಫ್ ಸರ್, "ರೈಲ್ವೆ ಪ್ಲಾಟ್‌ಫಾರ್ಮ್ ಕಟ್ಟುತ್ತಿದ್ದೀರಾ?" ಎಂದು ಕೂಗಾಡಿ ಕಡೆಗೆ ಒಪ್ಪಿದರು. ಕಣ್ಣು ಕಾಣದವರಿಗೆಂದು ಕಾರ್ಯಕ್ರಮ ಪಟ್ಟಿಯನ್ನು ಬ್ರೈಲ್ ಲಿಪಿಯಲ್ಲಿ ಮಾಡಿಸಿದೆ. ಮುದ್ರಣಾಲಯದವರು ಚುಕ್ಕಿಗಳನ್ನು ಬಹಳ ಚಂದವಾಗಿ, ಕಪ್ಪು ಶಾಯಿಯಲ್ಲಿ, ನುಣುಪಾದ ಕಾಗದದ ಮೇಲೆ ಅಚ್ಚು ಹಾಕಿದ್ದರು. ಕೋಝಿಕ್ಕೋಡಿನಿಂದ ಬಂದ ಪ್ರತಿನಿಧಿ ಜುಬೈದಾ ಅದರ ಮೇಲೆ ಬೆರಳಾಡಿಸಿ, "ಕಾಗದ ಒಳ್ಳೆಯದಿದೆ ಮೇಡಂ, ಬರೆದದ್ದೆಲ್ಲಿ?" ಎಂದು ಕೇಳಿದಾಗ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆದರೆ ಇಳಿಜಾರು ಮಾತ್ರ ಸರಿಯಾಗಿತ್ತು. ಸಮ್ಮೇಳನದ ಹಿಂದಿನ ಸಂಜೆ ಉಪೇಂದ್ರ ಖಾಲಿ ಸಭಾಂಗಣದಲ್ಲಿ ಅದನ್ನು ಮೂರು ಸಲ ಹತ್ತಿ ಮೂರು ಸಲ ಇಳಿದರು. ಮೂರನೇ ಸಲ ಮೇಲೆ ಗಾಲಿ ನಿಲ್ಲಿಸಿ ಖಾಲಿ ಕುರ್ಚಿಗಳಿಗೆ ಕೈಮುಗಿದರು. "ಭಾಳ ಚಲೋ ಆತ್ರೀ" ಎಂದರು. ನನಗೆ ಎಷ್ಟು ಖುಷಿಯಾಯಿತೆಂದರೆ ಆ ಗುತ್ತಿಗೆದಾರನಿಗೂ ಒಂದು ಕೈ ಮುಗಿದುಬಿಟ್ಟೆ.

ಬೆಳಿಗ್ಗೆ ಬಂದು ನೋಡುತ್ತೇನೆ, ಇಳಿಜಾರಿನ ತುದಿಯಲ್ಲಿ, ವೇದಿಕೆ ಶುರುವಾಗುವ ಜಾಗದಲ್ಲೇ, ಎದೆಯೆತ್ತರದ ಹಿತ್ತಾಳೆಯ ದೀಪದ ಕಂಬ, ನಿಲವಿಳಕ್ಕು, ನಿಂತಿದೆ. ಸುತ್ತ ಹೂವಿನ ರಂಗೋಲಿ, ಭತ್ತ ತುಂಬಿದ ಪರೆ ಎಂಬ ದೊಡ್ಡ ಅಳತೆಪಾತ್ರೆ, ತೆಂಗಿನ ಹಿಂಗಾರ. ಕೇರಳದಲ್ಲಿ ದೀಪ ಹಚ್ಚದೆ ಯಾವ ಸಭೆಯೂ ಆರಂಭವಾಗುವುದಿಲ್ಲ. ಮುಖ್ಯ ಅತಿಥಿಗೆ ಎಂಬತ್ತು ವರ್ಷ, ಮಂಡಿನೋವಿನ ಹಿರಿಯ ಡಾಕ್ಟರು. ಮೆಟ್ಟಿಲಿಗಿಂತ ಈ ಹಾದಿಯೇ ಅವರಿಗೆ ಸುಖ, ಹತ್ತಿದ ಕೂಡಲೇ ಎದುರಿಗೆ ದೀಪ ಸಿಗಲಿ ಎಂದು ಅಲಂಕಾರದವರು ಲೆಕ್ಕ ಹಾಕಿ ಇಟ್ಟಿದ್ದರು. ನಡೆಯುವವರು ಪಕ್ಕಕ್ಕೆ ಸರಿದು ಹೋಗಬಹುದು. ಗಾಲಿಕುರ್ಚಿ ಹೋಗಲಾರದು. ನಾನು ಓಡಿ ಹೋಗುವಷ್ಟರಲ್ಲಿ ಡಾಕ್ಟರು ಹತ್ತಿಯಾಗಿತ್ತು, ಐದೂ ಬತ್ತಿ ಉರಿಯುತ್ತಿದ್ದವು, ಸಭೆ ಎದ್ದು ನಿಂತಿತ್ತು.

ಉರಿಯುವ ದೀಪವನ್ನು ಸರಿಸುವವರು ಯಾರು? ಎಣ್ಣೆ ತುಂಬಿ ತುಳುಕುತ್ತಿದೆ, ಅಲುಗಿಸಿದರೆ ಚೆಲ್ಲುತ್ತದೆ. ಶಾಂತ ಮಾಡುವವರು ಯಾರು? ಸಮಾರೋಪದವರೆಗೂ ಅದು ಉರಿಯಬೇಕಂತೆ. ಜೋಸೆಫ್ ಸರ್, "ನಾನು ಕ್ರಿಶ್ಚಿಯನ್, ಅದನ್ನು ನಾನು ಮುಟ್ಟಿದರೆ ನಾಳೆ ಪೇಪರಿನಲ್ಲಿ ಬರುತ್ತದೆ" ಎಂದರು. ಗುತ್ತಿಗೆದಾರ ನನ್ನ ಮುಖ ನೋಡಿದ. ನಾನು ಜೋಸೆಫ್ ಸರ್ ಮುಖ ನೋಡಿದೆ. ಅವರು ಗಡಿಯಾರ ನೋಡಿದರು.

ಉಪೇಂದ್ರ ಇಳಿಜಾರಿನ ಬುಡದಲ್ಲಿ, ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ, ತೊಡೆಯ ಮೇಲೆ ಪ್ರಬಂಧ ಇಟ್ಟುಕೊಂಡು ಕಾಯುತ್ತಿದ್ದರು. "ದೇವರು ವರ ಕೊಟ್ರೂ ಪೂಜಾರಿ ಕೊಡಲಿಲ್ಲ ಅಂದಂಗಾತು" ಎಂದು ನಕ್ಕರು. ಆಮೇಲೆ, "ಮೈಕ್ ಇಲ್ಲೇ ಕೊಡ್ರಿ, ಇಲ್ಲಿಂದನ ಓದತೇನಿ" ಎಂದರು.

"ನೇರಪ್ರಸಾರದ ಕ್ಯಾಮೆರಾ ಎಲ್ಲ ವೇದಿಕೆಗೆ ಕಟ್ಟಿದೆ, ಕೆಳಗಿದ್ದರೆ ಯಾರಿಗೂ ಕಾಣುವುದಿಲ್ಲ" ಎಂದರು ಜೋಸೆಫ್ ಸರ್. "ಎರಡು ನಿಮಿಷದಲ್ಲಿ ಮೇಲೆ ಇಲ್ಲದಿದ್ದರೆ ಮುಂದಿನವರನ್ನು ಕರೆಯಬೇಕಾಗುತ್ತದೆ."

ಅಷ್ಟರಲ್ಲಿ ನಾಲ್ಕು ಜನ ಸ್ವಯಂಸೇವಕರು ತೋಳು ಮಡಚಿಕೊಂಡು ಮೆಟ್ಟಿಲ ಕಡೆಯಿಂದ ಬಂದೇಬಿಟ್ಟರು. ಪಾಪ, ಒಳ್ಳೆಯ ಮಕ್ಕಳು. ನನ್ನ ಎದೆಯ ಮೇಲಿನ ಬಿಲ್ಲೆ ಓದಿ, ಇವಳೇ ಯಜಮಾನಿ ಎಂದು ತಿಳಿದು, "ಮೇಡಂ?" ಎಂದರು. ಮೈಕಿನಲ್ಲಿ ಉಪೇಂದ್ರರ ಹೆಸರು ಕೂಗಿದರು. ಎರಡನೇ ಸಲವೂ ಕೂಗಿದರು. ಉಪೇಂದ್ರ ನನ್ನನ್ನೇ ನೋಡುತ್ತಿದ್ದರು.

"ಪೊಕ್ಕಿಕ್ಕೋ" ಎಂದುಬಿಟ್ಟೆ. ಎತ್ತಿ ಅಂತ.

ಅವರು ಎತ್ತಿದರು. ಸಭೆ ಚಪ್ಪಾಳೆ ತಟ್ಟಿತು. ಉಪೇಂದ್ರ ಪ್ರಬಂಧವನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡು ಕಣ್ಣು ಮುಚ್ಚಿಕೊಂಡಿದ್ದರು. ಥೂ, ನನ್ನ ಜನ್ಮಕ್ಕಿಷ್ಟು!

ಅವರು ಓದಿದರು, ಚೆನ್ನಾಗಿಯೇ ಓದಿದರು. ಹದಿನೈದು ನಿಮಿಷಕ್ಕೆ ಸರಿಯಾಗಿ ಮುಗಿಸಿದರು. ಹುಡುಗರು ಮತ್ತೆ ಬಂದಾಗ ಕೈ ಅಡ್ಡ ಹಿಡಿದು "ವೇಂಡಾ", ಬೇಡ ಎಂದರು. ಗಾಲಿ ಹಿಂದಕ್ಕೆ ತಿರುಗಿಸಿ ವೇದಿಕೆಯ ಮೂಲೆಗೆ, ದೀಪದ ಪಕ್ಕಕ್ಕೆ ಹೋಗಿ ಕೂತರು. ನಾನು ಬಗ್ಗಿಕೊಂಡು ಹೋಗಿ, "ಎಂತ ಇದು ಮಾರಾಯ್ರೆ, ಬನ್ನಿ" ಎಂದೆ.

"ಏರೂದು ನಿಮ್ಮ ಮಾತಿನ ಮ್ಯಾಲೆ ಆತು. ಇಳಿಯೂದು ನನ್ನ ಗಾಲಿ ಮ್ಯಾಲೆ ಆಗ್ಲಿ" ಎಂದರು. "ಎಣ್ಣಿ ಎಷ್ಟೊತ್ತ ಇರತೈತಿ? ದೀಪ ಆರೂ ತನಕ ಕಾಯತೇನಿ."

ಆಮೇಲೆ ನಡೆದದ್ದು ಯಾರಿಗೂ ಅರ್ಥವಾಗಲಿಲ್ಲ. ಎರಡನೇ ಗೋಷ್ಠಿಯ ಅಧ್ಯಕ್ಷರು ಬಂದವರೇ ಇವರು ತಮ್ಮ ಗೋಷ್ಠಿಯವರೆಂದು ತಿಳಿದು ಪೊನ್ನಾಡೆ, ಅಂದರೆ ಸನ್ಮಾನದ ಶಾಲು, ಹೊದಿಸಿದರು. ಮೂರನೇ ಗೋಷ್ಠಿಯವರು ಮಾಹಿತಿ ಕಳವಿನ ಬಗ್ಗೆ ಇವರ ಅಭಿಪ್ರಾಯ ಕೇಳಿದರು, ಇವರು ಕೊಟ್ಟರು, ಜನ ತಲೆಯಾಡಿಸಿದರು! ಇನ್ನೊಂದು ಪೊನ್ನಾಡೆ ಬಂತು. ಫೋಟೋದವರು ಪ್ರತಿಸಲವೂ ಸಾಲಿನಲ್ಲಿ ಅವರಿಗೆ ಜಾಗ ಮಾಡಿಕೊಟ್ಟರು. ಜೋಸೆಫ್ ಸರ್ ನನ್ನನ್ನು ಮೂಲೆಗೆ ಕರೆದು, "ಇವರು ಯಾಕೆ ಇಳಿಯುವುದಿಲ್ಲ? ಸತ್ಯಾಗ್ರಹವಾ?" ಎಂದು ಕೇಳಿದರು. ನನಗೆ ಗೊತ್ತಿತ್ತು, ಆದರೂ ಊಟದ ಚೀಟಿ ಎಣಿಸುವ ನೆಪ ಹೇಳಿ ಜಾರಿಕೊಂಡೆ.

ಊಟದ ಹೊತ್ತಿಗೆ ಸಭಾಂಗಣ ಖಾಲಿಯಾಯಿತು. ತಟ್ಟೆ ತುಂಬಿಕೊಂಡು ಹೋದೆ. ಅವರು ಬೇಡವೆಂದರು.

"ತಿಂದ್ರ ನೀರ ಕುಡೀಬೇಕು. ಕುಡದ್ರ ಕೆಳಗ ಹೋಗಬೇಕು. ಈಗ ಅದೆಲ್ಲಾ ಬ್ಯಾಡ್ರಿ."

ನೀರು ಕುಡಿಯದೆ ಕೂತಿದ್ದರು. ಬೆಳಗಿನಿಂದ. ಅದು ಹೊಳೆದ ಮೇಲೆ ತಟ್ಟೆಯನ್ನು ಒಂದು ಖಾಲಿ ಕುರ್ಚಿಯ ಮೇಲಿಟ್ಟೆ.

ಆಗಲೇ ನೋಡಿದ್ದು. ಮಡಿ ಪಂಚೆ ಉಟ್ಟ ಒಬ್ಬ ಮುದುಕ ಗಿಂಡಿ ಹಿಡಿದು ಬಂದು, ದೀಪಕ್ಕೆ ಕೈಮುಗಿದು, ಎಣ್ಣೆ ಹೊಯ್ದ. ಅಲಂಕಾರದವರು ಇಟ್ಟ ಮನುಷ್ಯ. ದೀಪ ಆರದಂತೆ ನೋಡಿಕೊಳ್ಳುವುದೇ ಅವನ ಕೆಲಸ. ಬೆಳಗಿನಿಂದ ಅದು ಎರಡನೇ ಸಲವಂತೆ. ಮೊದಲ ಸಲ ಹೊಯ್ದದ್ದನ್ನೂ ಉಪೇಂದ್ರ ಪಕ್ಕದಲ್ಲೇ ಕೂತು ನೋಡಿದ್ದರು.

ಮೂರೂವರೆಗೆ ನಾಲ್ಕನೇ ಗೋಷ್ಠಿ ನಡೆಯುತ್ತಿತ್ತು. ಒಬ್ಬರು ಪರದೆಯ ಮೇಲೆ ಏನೋ ಕೋಷ್ಟಕ ತೋರಿಸುತ್ತಿದ್ದರು. ಮುದುಕ ಮೂರನೇ ಸಲ ಗಿಂಡಿ ಹಿಡಿದು ಬರುವುದು ಕಂಡಿತು. ನನ್ನ ಕಾಲು ತಾನಾಗಿ ಎದ್ದಿತು. ಮೂವತ್ತು ಅಡಿ ನಡೆದು ಮೇಲೆ ಹೋದೆ. ದೀಪವನ್ನು ಬಾಯಿಂದ ಊದಬಾರದು, ಅಷ್ಟು ನನಗೆ ಅತ್ತೆ ಕಲಿಸಿದ್ದಾರೆ. ರಂಗೋಲಿಯಿಂದ ಒಂದು ಚೆಂಡುಹೂ ತೆಗೆದುಕೊಂಡೆ. ಒಂದು ಬತ್ತಿಯನ್ನು ಹೂವಿನಿಂದ ಎಣ್ಣೆಗೆ ಎಳೆದೆ. ಎರಡು. ಮೂರು. "ಅಯ್ಯೋ ಮೋಳೇ!" ಎಂದ ಮುದುಕ, ಅಯ್ಯೋ ಮಗಳೇ ಅಂತ. ನಾಲ್ಕು. ಐದು.

ಯಾರಾದರೂ ಕೂಗುತ್ತಾರೆಂದು ಕಾದೆ. ಕೋಷ್ಟಕದವರು ಕೋಷ್ಟಕ ಓದುತ್ತಲೇ ಇದ್ದರು. ಮುಂದಿನ ಸಾಲಿನಲ್ಲಿ ಒಬ್ಬರು ಆಕಳಿಸಿದರು. ಸಾವಿರದ ಎಂಟುನೂರು ಜನರಲ್ಲಿ ಒಬ್ಬರಿಗೂ ದೀಪ ಹೋದದ್ದು ಗೊತ್ತಾಗಲಿಲ್ಲ. ಇಷ್ಟಕ್ಕೇ ನಾವೆಲ್ಲ ಬೆಳಿಗ್ಗೆ ಬಾಯಿ ಒಣಗಿಸಿಕೊಂಡದ್ದಾ? ಮುದುಕ ಏನು ಯೋಚಿಸಿದನೋ, ಗಿಂಡಿ ಕೆಳಗಿಟ್ಟು ದೀಪದ ಒಂದು ಬದಿ ಹಿಡಿದ, ಇನ್ನೊಂದು ಬದಿ ನಾನು ಹಿಡಿದೆ, ಇಬ್ಬರೂ ಸೇರಿ ಎಳೆದೆವು. ಪರೆಯನ್ನೂ ಸರಿಸಿದೆವು.

ಉಪೇಂದ್ರ ಗಾಲಿ ತಿರುಗಿಸಿದರು. ಹೂವಿನ ಮೇಲೆ ಹಾಯ್ದು ಇಳಿಜಾರಿಗೆ ಬಂದರು. ಹಿಂದಿನ ಸಂಜೆಯ ವೇಗವಿರಲಿಲ್ಲ, ಎರಡೂ ಗಾಲಿಗಳನ್ನು ಬಿಗಿ ಹಿಡಿದು ಮೆಲ್ಲಗೆ ಇಳಿದರು. ನಾನು ಪಕ್ಕದಲ್ಲೇ ನಡೆದೆ, ಕುರ್ಚಿಯನ್ನು ಮುಟ್ಟಲಿಲ್ಲ. ಬುಡಕ್ಕೆ ಬಂದು ಗಾಲಿ ನಿಲ್ಲಿಸಿ ಅವರು ನನ್ನತ್ತ ತಿರುಗಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

"ಇಷ್ಟ ಸರಳ ಇತ್ತಲ್ರೀ ಮೇಡಂ. ಮುಂಜಾನೆನ ಯಾಕ ಮಾಡಲಿಲ್ಲ?"

ಚುಚ್ಚಲು ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಲೆಂದೇ ಕೇಳಿದ್ದು. ಹೊತ್ತಾಗಿತ್ತು, ಕ್ಯಾಮೆರಾ ಇತ್ತು, ಜೋಸೆಫ್ ಸರ್ ಅವಸರ ಮಾಡಿದರು ಎಂದೆಲ್ಲ ಹೇಳಬಹುದಿತ್ತು. ಅಷ್ಟರಲ್ಲಿ ಅವರು ಶೌಚಾಲಯದ ಕಡೆಗೆ ಜೋರಾಗಿ ಗಾಲಿ ತಳ್ಳಿಕೊಂಡು ಹೋದರು.