ಮುಟ್ಟಾದ ಮೇಲೆ ಬಾ

ಮರುದಿನ ತಂಗಿಯನ್ನು ದೇವದುರ್ಗಕ್ಕೆ, ಗಂಡನ ಮನೆಗೆ ಕಳಿಸುವುದಿತ್ತು. ಮಾನ್ವಿಯ ನಮ್ಮ ತವರಿನಲ್ಲಿ ಅವಳ ಬಾಣಂತನ ಐದನೇ ತಿಂಗಳಿಗೆ ಬಂದಿತ್ತು. ಕೂಸಿಗೆ ಎರೆದು, ಲೋಬಾನದ ಹೊಗೆ ಹಾಕಿ, ಅವ್ವ ತೊಟ್ಟಿಲ ಹಗ್ಗ ಬಿಚ್ಚುತ್ತಿದ್ದಳು. ತೊಟ್ಟಿಲೂ ಕೂಸಿನ ಜೊತೆ ಹೋಗಬೇಕಲ್ಲ. ಅದಕ್ಕಾಗಿಯೇ ನಾನು ರಾಯಚೂರಿನಿಂದ ಬಂದಿದ್ದೆ. ತಂಗಿ ತಲೆಗೆ ಕಟ್ಟಿದ್ದ ಉಣ್ಣೆಯ ಬಟ್ಟೆ ಕಿತ್ತು, "ಈ ಸೆಕಿ ಸಾಕಾಗಿ ಹೋಗ್ಯಾದಕ್ಕ, ನಾಳಿಂದ ಇದನ್ನ ನಮ್ಮತ್ತಿ ತಲಿಗೆ ಕಟ್ತೀನಿ" ಎಂದು ನಕ್ಕಳು.

ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಕೊನೆ.

ಕೂಸನ್ನು ಹೊಟ್ಟೆ ಕೊಯ್ದು ತೆಗೆದಿದ್ದರು. ಮನೆಗೆ ಕಳಿಸುವಾಗ ಡಾಕ್ಟರು, "ಮುಂದಿಂದಕ್ಕ ಎರಡು ಮೂರು ವರ್ಷ ಗ್ಯಾಪ್ ಬಿಡ್ರಿ, ಇಲ್ಲಾಂದ್ರ ಹೊಲಿಗಿ ತಡಿಯಂಗಿಲ್ಲ" ಎಂದಿದ್ದರು. ಹೇಗೆ ಬಿಡುವುದು ಎಂದು ಹೇಳಲಿಲ್ಲ. ಹೇಳಿಯಾರೆಂದು ನಾವು ನಿಂತೇ ಇದ್ದೆವು. ಅವರು ಪಕ್ಕದ ಮಂಚಕ್ಕೆ ಹೋದರು.

ಕಳಿಸುವ ಹಿಂದಿನ ಆ ದಿನ ಕೂಸಿಗೆ ಸೂಜಿ ಹಾಕಿಸುವ ನೆಪದಲ್ಲಿ ತಂಗಿ ನನ್ನನ್ನು ದವಾಖಾನೆಗೆ ಕರೆದುಕೊಂಡು ಹೋದಳು. ಗೋಡೆಯ ಮೇಲೆ ಗಂಡ, ಹೆಂಡತಿ, ಇಬ್ಬರು ಮಕ್ಕಳು ನಗುತ್ತಿರುವ ಚಿತ್ರ ಬಿಡಿಸಿದ್ದರು. ಅದರ ಕೆಳಗೆ ಕುಳಿತ ಸಿಸ್ಟರಿಗೆ ತಂಗಿ ಮೆಲ್ಲಗೆ, "ಈಗೇ ಇನ್ನೊಂದು ಆಗಬಾರದ್ರಿ. ಏನರ ಹಾಕ್ತೀರೇನು?" ಎಂದು ಕೇಳಿದಳು.

"ಮುಟ್ಟಾಗೀ ಏನು?"

"ಹಡೆದ ಮ್ಯಾಲ ಇನ್ನೂ ಇಲ್ರಿ."

"ಮತ್ತ? ಮುಟ್ಟಾದ ಮ್ಯಾಲ ಬಾ. ನೀ ಬಸುರಿಲ್ಲಂತ ನಮಗ ಹೆಂಗ ಗೊತ್ತಾಗಬೇಕು?"

"ನಾ ಹಡೆದಾಗಿಂದ ತವರಾಗ ಅದೀನ್ರಿ. ಗಂಡ ದೇವದುರ್ಗದಾಗ ಅದಾನ."

ಸಿಸ್ಟರು ಪಕ್ಕದವಳ ಕಡೆ ತಿರುಗಿದಳು. "ಕೇಳಿದೇನ ಬೇ? ಗಂಡ ಅಲ್ಲಿ, ಈಕಿ ಇಲ್ಲಿ, ಬಂದೋಬಸ್ತ್ ಮಾತ್ರ ಈಗ್ಲೇ ಬೇಕಂತ!" ಇಬ್ಬರೂ ನಕ್ಕರು. ಸೂಜಿಗೆ ಕೂತಿದ್ದ ಹೆಂಗಸರೂ ಸೆರಗು ಬಾಯಿಗಿಟ್ಟು ನಕ್ಕರು. ಆ ನಗುವನ್ನು ನಾನು ಮರೆತಿಲ್ಲ. ಮರೆಯುವ ಇರಾದೆಯೂ ಇಲ್ಲ.

ಮನೆಗೆ ಬಂದರೆ ಅವ್ವನದು ಬೇರೆ. "ನಾಕು ಮಂದ್ಯಾಗ ಅದನ್ನ ಕೇಳಿ ಬಂದ್ರೇನು? ಹಾಲು ಕುಡಸೂತನಕ ಏನೂ ಆಗಂಗಿಲ್ಲ. ನಾ ನಿಮ್ಮನ್ನ ಹಡದಿಲ್ಲೇನು?" ತಂಗಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಸೂಜಿ ಚುಚ್ಚಿದ ಜಾಗವನ್ನು ಉಜ್ಜುತ್ತ ಕೂತಳು.

ಮರುದಿನ ಹೋದಳು. ದೇವದುರ್ಗದಿಂದ ಫೋನ್ ಮಾಡಿದಾಗಲೆಲ್ಲ ಅವಳದು ಒಂದೇ ಮಾತು. "ಇನ್ನೂ ಆಗಿಲ್ಲಕ್ಕ. ಆದ ಕೂಡ್ಲೇ ಹೋಗ್ತೀನಿ." ಅವಳು ವಿಧೇಯ ಹುಡುಗಿ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತಿದ್ದಳು. ಅಷ್ಟರಲ್ಲಿ ಅವಳ ಅತ್ತೆ, ನಿನ್ನ ಹಾಲು ಕೂಸಿಗೆ ಸಾಲದು ಎಂದು ಗಂಜಿ, ಬಾಟಲಿ ಶುರು ಮಾಡಿದಳು. ಕೂಸು ಎದೆಗೆ ಬರುವುದು ಕಡಿಮೆಯಾಯಿತು. ಮುಟ್ಟು ಬರಲೇ ಇಲ್ಲ. ಕೊನೆಗೊಂದು ದಿನ ಹೊಟ್ಟೆಯೊಳಗೆ ಏನೋ ಹರಿದಾಡಿತು. ಗ್ಯಾಸ್ ಅಂದುಕೊಂಡಿದ್ದಳಂತೆ.

ಸುದ್ದಿ ಕೇಳಿ ನಾನು ದೇವದುರ್ಗಕ್ಕೆ ಹೋದೆ. ಅತ್ತೆ ಹೊಸ್ತಿಲಲ್ಲೇ ಕೂತಿದ್ದಳು, ಒಳಗೆ ಬಾ ಎನ್ನಲಿಲ್ಲ.

"ಗ್ಯಾಪ್ ಬಿಡ್ರಿ ಅಂದಿದ್ದು ನಿಮಗೂ ಗೊತ್ತಿತ್ತಲ್ರಿ" ಎಂದೆ.

"ನಿನ್ನ ತಂಗಿ ದವಾಖಾನಿಗೆ ಹೊಂಟಾಗ ನಾ ಕಾಲು ಹಿಡಿದು ಕುಂದ್ರಿಸಿದ್ನೇನು? ಮುಟ್ಟಾಗ್ಲಿ ಮುಟ್ಟಾಗ್ಲಿ ಅಂತ ಆಕೀನೇ ಕುಂತಿದ್ಲು. ಈಗ ಯಾರೂ ಕೈ ಹಚ್ಚಬ್ಯಾಡ್ರಿ. ಈ ಸಲ ಗಂಡು ಅದ."

ತಂಗಿಯ ಗಂಡ ಮೊಬೈಲಿನಿಂದ ಕಣ್ಣೆತ್ತದೆ ಹೇಳಿದ. "ನಿಮ್ಮವ್ವನೇ ಹೇಳ್ಯಾಳಂತ, ಹಾಲು ಕುಡಸೂತನಕ ಏನೂ ಆಗಂಗಿಲ್ಲಂತ. ನಾನೇನು ಡಾಕ್ಟರ್ ಅದೀನೇನ್ರಿ?"

ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. ತಂಗಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಮಾತು ಜೋರಾದಾಗಲೆಲ್ಲ ಬಡಿತ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು.

ಎಂಟನೇ ತಿಂಗಳಲ್ಲಿ ಹಳೆಯ ಹೊಲಿಗೆಯ ಜಾಗ ನೋಯತೊಡಗಿತು. ಬೆಳಿಗ್ಗೆ ಎದ್ದ ನೋವಿಗೆ ಅತ್ತೆ ಮಧ್ಯಾಹ್ನದವರೆಗೆ ಕಷಾಯ ಕುಡಿಸಿದಳು. ಆಮೇಲೆ ಗಾಡಿ ಮಾಡಿ ರಾಯಚೂರಿಗೆ ಹೊರಟರು. ನಾನು ಮೊದಲೇ ಹೋಗಿ ಆಸ್ಪತ್ರೆಯ ಗೇಟಿನಲ್ಲಿ ನಿಂತಿದ್ದೆ. "ಕಲ್ಮಲ ದಾಟೀವಿ, ಇನ್ನೇನು ಬಂದ್ವಿ" ಎಂದು ಅವಳ ಗಂಡ ಫೋನ್ ಮಾಡಿದ. ಹಿಂದೆ ಅವಳ ದನಿ ಕೇಳಿಸುತ್ತದೇನೋ ಎಂದು ಕಿವಿಗೊಟ್ಟೆ. ಗಾಡಿಯ ಸದ್ದಷ್ಟೇ ಇತ್ತು.

ತಂಗಿಯನ್ನು ಒಳಗೊಯ್ದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದ ಡಾಕ್ಟರಮ್ಮ ಮೊದಲು ಬೈದಳು, ಆಮೇಲೆ ಸತ್ತಳೆಂದು ಹೇಳಿದಳು. ಗರ್ಭಕೋಶ ಹಳೆಯ ಹೊಲಿಗೆಯಲ್ಲೇ ಹರಿದಿತ್ತು. ಒಳಗಿನ ಕೂಸೂ ಉಳಿಯಲಿಲ್ಲ.

"ಕೊಯ್ದು ವರ್ಷ ಆಗೂದ್ರಾಗ ಮತ್ತ ಬಸಿರು! ನಿಮಗ ಬುದ್ಧಿ ಇಲ್ಲೇನ್ರಿ?"

"ಮಾನ್ವ್ಯಾಗ ಸಿಸ್ಟರು ಮುಟ್ಟಾದ ಮ್ಯಾಲ ಬಾ ಅಂದಿದ್ರು. ಮುಟ್ಟೇ ಆಗಲಿಲ್ಲ" ಎಂದೆ.

"ಹಡೆದ ಮ್ಯಾಲ ಮುಟ್ಟು ಬರೂಕಿಂತ ಮೊದಲೇ ಬಸಿರು ನಿಲ್ತದ. ಇಷ್ಟೂ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಮೂವತ್ತು ದಾಟಿದ, ಎರಡು ಹಡೆದ ನನಗೂ ಗೊತ್ತಿರಲಿಲ್ಲ. ನಮ್ಮ ಮನೆಯ ಹೆಂಗಸರು ಅದನ್ನು ಮೊದಲ ಸಲ ಕೇಳಿದ್ದು ಹೆಣದ ಪಕ್ಕದಲ್ಲಿ, ಬೈಗುಳವಾಗಿ.

ಈಗ ದೇವದುರ್ಗದವರು ಬೇರೆ ಹೆಣ್ಣು ನೋಡುತ್ತಿದ್ದಾರೆ. ತಂಗಿಯ ಮಗಳು ಅಲ್ಲೇ ಇದ್ದಾಳೆ. ನಮಗೆ ಕೊಡಲಿಲ್ಲ.

ಮೊನ್ನೆ ಮಾನ್ವಿಗೆ ಹೋಗಿದ್ದೆ. ಪಕ್ಕದ ಮನೆಯ ಮಗಳು ಹಡೆದು ತವರಿನಲ್ಲಿದ್ದಳು. ತಲೆಗೆ ಬಟ್ಟೆ ಕಟ್ಟಿಕೊಂಡು ತಮ್ಮ ಬಾಗಿಲಲ್ಲಿ ಕೂತು ನಮ್ಮವ್ವನೊಂದಿಗೆ ಮಾತಾಡುತ್ತಿದ್ದಳು. "ಸಿಸ್ಟರ್ ಹೇಳ್ಯಾರ್ರಿ, ಮುಟ್ಟಾದ ಮ್ಯಾಲ ಬಾ ಅಂತ. ಏನವಸರ ಬಿಡ್ರಿ, ಇನ್ನೂ ಹಾಲು ಕುಡಸಾಕತ್ತೀನಿ."

ನಾನು ಬಾಯಿ ತೆರೆದೆ. "ನಮ್ಮ ತಂಗಿನೂ ಹಿಂಗೇ..." ಎನ್ನುವುದರೊಳಗೆ ಅವ್ವ ನನ್ನ ರಟ್ಟೆ ಚಿವುಟಿದಳು. ಆ ಹುಡುಗಿಯ ತಾಯಿ ಒಳಗಿನಿಂದ ಓಡಿ ಬಂದು ಮಗಳ ಕೈಯಿಂದ ಕೂಸನ್ನು ಎತ್ತಿಕೊಂಡಳು.

"ಯವ್ವಾ, ಬಾಣಂತಿ ಮುಂದ ಸತ್ತ ಬಾಣಂತಿ ಸುದ್ದಿ ತೆಗೀತೀಯೇನು? ಏಳು ಬೇ, ಒಳಗ ನಡಿ!"

ನಮ್ಮಲ್ಲಿ ಅದು ನಿಷಿದ್ಧ. ಸತ್ತವಳ ಹೆಸರು ಬಾಣಂತಿಯ ಹಸಿ ಮೈಗೆ ತಾಗುತ್ತದಂತೆ. ತಂಗಿಯ ಸುದ್ದಿ ಯಾರಿಗೆ ಬೇಕೋ ಅವರ ಮುಂದೆಯೇ ಅದನ್ನು ತೆಗೆಯುವಂತಿಲ್ಲ. ಆದರೂ ನಾನು ಬಾಗಿಲ ಹೊರಗೆ ನಿಂತು, ತಂಗಿಯ ಹೆಸರು ಬಿಟ್ಟು, ಡಾಕ್ಟರಮ್ಮ ಬೈದ ಮಾತನ್ನಷ್ಟೇ ಗಟ್ಟಿಯಾಗಿ ಹೇಳಿದೆ. ಆ ಹುಡುಗಿಯ ಕಿವಿಗೆ ಬಿತ್ತೋ ಇಲ್ಲವೋ, ಬಾಗಿಲು ಹಾಕಿಯಾಗಿತ್ತು.

ವಾಪಸು ಬರುವಾಗ ಆ ದವಾಖಾನೆಯ ಮುಂದೆಯೇ ಹಾದು ಬಂದೆ. ಗೋಡೆಗೆ ಹೊಸದಾಗಿ ಬಣ್ಣ ಬಳಿದಿದ್ದಾರೆ. ನಾಲ್ವರೂ ಮೊದಲಿನಂತೆಯೇ ನಗುತ್ತಿದ್ದಾರೆ. ಮುಟ್ಟು ಬರುವ ಮೊದಲೇ ಬಸಿರು ನಿಲ್ಲುತ್ತದೆ ಎಂಬ ಮಾತು ಅಲ್ಲಿ ಇನ್ನೂ ಇಲ್ಲ.