ಸುರಿದವಳ ಮೈಗೆ ಹತ್ತಿದ ವಾಸನೆ

ಬೆಳಗಿನ ಐದೂವರೆ. ವಿಮಾನ ನಿಲ್ದಾಣದ ತಪಾಸಣೆ ಕೌಂಟರಿನ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ. ಗೋಡೆಗೆ ಒತ್ತಿಕೊಂಡು ಉದ್ದನೆಯ ಸ್ಟೀಲ್ ಸಿಂಕು. ಅದರ ಮುಂದೆ ಮೊಣಕೈವರೆಗೆ ರಬ್ಬರ್ ಗ್ಲೌಸ್ ಹಾಕಿಕೊಂಡು ಐವತ್ತರ ಆಸುಪಾಸಿನ ಹೆಂಗಸೊಬ್ಬರು ನಿಂತಿದ್ದಾರೆ. ವಿಸ್ಕಿ ಬಾಟಲಿಯ ಮುಚ್ಚಳ ತೆಗೆದು, ಮುಖ ಪಕ್ಕಕ್ಕೆ ಹೊರಳಿಸಿ, ಉಸಿರು ಬಿಗಿಹಿಡಿದು ಸಿಂಕಿಗೆ ಬಗ್ಗಿಸುತ್ತಾರೆ. ಕೊನೆಯ ಹನಿ ಬೀಳುವವರೆಗೂ ಬಾಗಿಲ ಬಳಿಯ ಕಾವಲುಗಾರ ಕಣ್ಣು ಕೀಳುವುದಿಲ್ಲ. ಒಬ್ಬರು ಸುರಿಯಬೇಕು, ಇನ್ನೊಬ್ಬರು ನೋಡಬೇಕು, ಇಲ್ಲಿನ ಕಟ್ಟಳೆ ಅದು.

ಜೊತೆಯವರ ಬಾಯಲ್ಲಿ ಈಕೆ ಸಿಂಕಕ್ಕ. ಪ್ರಯಾಣಿಕರ ಕೈಚೀಲದಿಂದ ಕಿತ್ತುಕೊಂಡ ಮದ್ಯವನ್ನೆಲ್ಲ ಚರಂಡಿ ಪಾಲು ಮಾಡುವುದು ಇವರ ಕೆಲಸ. ಐದು ವರ್ಷದಿಂದ ಇದನ್ನೇ ಮಾಡುತ್ತಿದ್ದಾರೆ.

ನನ್ನದೂ ಒಂದು ಬಾಟಲಿ ಇದೇ ಸಿಂಕಿನಲ್ಲಿ ಹೋಗಿದೆ ಎಂದು ಒಪ್ಪಿಕೊಂಡುಬಿಡುತ್ತೇನೆ. ತಳದಲ್ಲಿ ಎರಡು ಬೆರಳಷ್ಟೇ ಇದೆಯಲ್ಲ ಎಂದು ಅವತ್ತು ಕೌಂಟರಿನಲ್ಲಿ ದೊಡ್ಡ ವಕೀಲನ ಹಾಗೆ ವಾದಿಸಿದ್ದೆ. ಒಳಗೆ ಎಷ್ಟಿದೆ ಎಂದು ಯಾರೂ ನೋಡುವುದಿಲ್ಲ, ಬಾಟಲಿ ಎಷ್ಟು ದೊಡ್ಡದು ಎಂದು ನೋಡುತ್ತಾರೆ. ನೂರು ಮಿಲಿಲೀಟರಿಗಿಂತ ದೊಡ್ಡದಾದರೆ ಕೈಚೀಲದಲ್ಲಿ ಹೋಗುವಂತಿಲ್ಲ. ನಿಲ್ದಾಣದೊಳಗಿನ ಅಂಗಡಿಯಲ್ಲಿ ಕೊಂಡು, ರಸೀದಿ ಕಾಣುವಂತೆ ಪಾರದರ್ಶಕ ಚೀಲದಲ್ಲಿ ಸೀಲ್ ಮಾಡಿಸಿದ್ದರೆ ಬಿಡುತ್ತಾರೆ. ಆ ಸೀಲ್ ಮುಟ್ಟದೆ ಇರಬೇಕು ಅಷ್ಟೆ.

"ಆದ್ರೆ ಜನಕ್ಕೆ ತಡೆಯಲ್ಲ ಸರ್," ಎನ್ನುತ್ತಾರೆ ಸಿಂಕಕ್ಕ. "ಒಂದು ವಿಮಾನ ಇಳಿದು ಇನ್ನೊಂದು ಹತ್ತೋದ್ರೊಳಗೆ ಚೀಲ ಹರಿದು ನೋಡ್ತಾರೆ. ಬಾಟ್ಲಿ ಒಡೆದಿದ್ಯಾ ಅಂತ ನೋಡಿದೆ ಅಷ್ಟೇ ಅಂತಾರೆ. ನೋಡಿದ್ದೇ ತಪ್ಪು. ಸೀದಾ ನನ್ನ ಹತ್ರ ಬರುತ್ತೆ."

ದಿನಕ್ಕೆ ಅರವತ್ತು ಎಪ್ಪತ್ತು ಬಾಟಲಿ. ಶಾಲೆಗಳಿಗೆ ರಜೆ ಬಿಟ್ಟರೆ ನೂರಿಪ್ಪತ್ತು ದಾಟುತ್ತದೆ. ಕೆಲವರು ಅಳುತ್ತಾರೆ, ಕೆಲವರು ಶಾಪ ಹಾಕುತ್ತಾರೆ, ಇನ್ನು ಕೆಲವರು ಬಿಟ್ಟುಕೊಡುವುದಕ್ಕಿಂತ ಕುಡಿಯುವುದೇ ಮೇಲೆಂದು ಕೌಂಟರಿನಲ್ಲೇ ಗಟಗಟ ಇಳಿಸಿ, ಆಮೇಲೆ ವಿಮಾನ ಹತ್ತಲಾಗದೆ ನೆಲಕ್ಕೆ ಕೂರುತ್ತಾರೆ. ಈಕೆಗಿಂತ ಮೊದಲು ಇಲ್ಲಿ ಇಬ್ಬರು ಗಂಡಸರಿದ್ದರಂತೆ. ಅರ್ಧ ಸಿಂಕಿಗೆ, ಅರ್ಧ ಬಾಯಿಗೆ. ಅವರನ್ನು ಓಡಿಸಿದ ಮೇಲೆ ಮೇಲ್ವಿಚಾರಕರು ಕಸ ಗುಡಿಸುತ್ತಿದ್ದ ಈಕೆಯನ್ನು ಕರೆದು, "ಹೆಂಡದ ವಾಸನೆ ಕಂಡ್ರೆ ನಿಂಗೆ ಆಗಲ್ವಂತೆ, ಹೌದಾ?" ಎಂದು ಕೇಳಿದರು. ಹೌದು ಎಂದರು. ಅದೇ ಅರ್ಹತೆಯಾಯಿತು.

ಆಗದಿರುವುದಕ್ಕೆ ಕಾರಣವಿತ್ತು. ಗಂಡ ಬಸ್ ಡ್ರೈವರ್ ಆಗಿದ್ದರು, ಕುಡಿತದಿಂದ ಕೆಲಸ ಹೋಯಿತು. ಲಿವರ್ ಅರ್ಧ ಕೆಟ್ಟಿದೆ, ಇನ್ನೊಂದು ಸಲ ಶುರುವಾದರೆ ತಾನೇನೂ ಮಾಡಲಾರೆ ಎಂದು ಹೋದ ವರ್ಷ ಡಾಕ್ಟರು ಮುಖಕ್ಕೇ ಹೇಳಿದರು. ಮನುಷ್ಯ ಹೆದರಿದರು, ಬಿಟ್ಟರು. ಬಿಟ್ಟವರ ಮನೆಗೆ ಹೆಂಡತಿ ದಿನಾ ಮದ್ಯದಂಗಡಿಯನ್ನೇ ಮೈಮೇಲೆ ಹೊತ್ತು ತರುವಂತಾಯಿತು. ಸುರಿಯುವಾಗ ಸಿಡಿಯುತ್ತದೆ, ಸೆರಗಿಗೆ ಹತ್ತುತ್ತದೆ, ಕೂದಲಿನಲ್ಲಿ ಕೂರುತ್ತದೆ. ಕೋಣೆಯ ಎಗ್ಸಾಸ್ಟ್ ಫ್ಯಾನ್ ಕೆಟ್ಟು ವರ್ಷವಾಗಿದೆ. ಈಚಲ ಮರದ ಕೆಳಗೆ ಮಜ್ಜಿಗೆ ಕುಡಿದವರ ಪಾಡು ಗೊತ್ತಿರುವುದೇ. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿ ಎದ್ದು ಹೋಗುತ್ತಾರೆ.

ಹಾಗಾಗಿ ಪಾಳಿ ಮುಗಿದೊಡನೆ ಸಿಬ್ಬಂದಿಯ ಬಚ್ಚಲಿನಲ್ಲಿ ತಲೆಗೆ ಸ್ನಾನ, ಸಮವಸ್ತ್ರ ಅಲ್ಲೇ ಒಗೆತ, ಬೇರೆ ಸೀರೆ. ತಣ್ಣೀರು. ಚಳಿಗಾಲದಲ್ಲಿ ಎರಡು ಸಲ ಕೆಮ್ಮು ಜ್ವರ ಬಂದಿದೆ. ಒಂದು ದಿನವೂ ತಪ್ಪಿಸಲಿಲ್ಲ. ಹನ್ನೊಂದು ತಿಂಗಳು ಗಂಡ ಒಂದು ತೊಟ್ಟು ಮುಟ್ಟಲಿಲ್ಲ.

ಕಳೆದ ತಿಂಗಳು ರಜೆಯ ವಾರದಲ್ಲಿ ಪೈಪು ಒಡೆದು ಬಚ್ಚಲಿಗೆ ನೀರು ಬರುವುದು ನಿಂತಿತು. ಆ ದಿನ ರಮ್ಮಿನ ಬಾಟಲಿಯೊಂದು ಕೈಜಾರಿ ಸೊಂಟದಿಂದ ಕೆಳಗೆಲ್ಲ ತೊಯ್ದಿತ್ತು. ಕುಡಿಯುವ ನೀರಿನ ನಲ್ಲಿಯಲ್ಲಿ ಮೈ ಒರೆಸಿಕೊಂಡು, ಬೇರೆ ಸೀರೆ ಉಟ್ಟು, ಒದ್ದೆ ಸಮವಸ್ತ್ರವನ್ನು ಮಡಿಸಿ ನಿಲ್ದಾಣದ ಅಂಗಡಿಯವರದೊಂದು ಹೊಸ ಪಾರದರ್ಶಕ ಚೀಲಕ್ಕೆ ತುರುಕಿ, ಅಂಟು ಕಿತ್ತು ಸೀಲ್ ಒತ್ತಿದರು. ಮೂಗಿಗೆ ಹಿಡಿದು ನೋಡಿದರೆ ವಾಸನೆಯೇ ಇಲ್ಲ.

"ಸೀಲ್ ಇದ್ರೆ ಬಿಡ್ತೀವಲ್ಲ ಸರ್ ಇಲ್ಲಿ? ಅದೇ ಬುದ್ಧಿ ನಂದು. ಸೀಲ್ ಆಯ್ತು, ಇನ್ನೇನು ಭಯ ಇಲ್ಲ ಅಂದ್ಕೊಂಡೆ. ಕಾಣೋ ಚೀಲ ಅದು, ಕಂಡಿದ್ದನ್ನ ಜನ ಬಿಚ್ತಾರೆ ಅಂತ ದಿನಾ ನೋಡೋಳು ನಾನೇ. ನನಗೇ ಹೊಳೀಲಿಲ್ಲ."

ಮನೆಯಲ್ಲಿ ಚೀಲವನ್ನು ಬಾಗಿಲ ಹಿಂದಿಟ್ಟು ಅಂಗಡಿಗೆ ಹೋದರು. ನಿಲ್ದಾಣದ ಅಂಗಡಿಯ ಹೊಳೆಯುವ ಚೀಲ, ಒಳಗೆ ಮಡಿಸಿದ ಬಟ್ಟೆ. ಹೆಂಡತಿ ತನಗೆ ಅಂಗಿ ತಂದಿದ್ದಾಳೆ ಎಂದುಕೊಂಡರು ಗಂಡ. ಬಿಚ್ಚಿದರು.

ಆಕೆ ವಾಪಸು ಬಂದಾಗ ಗಂಡ ಒದ್ದೆ ಸಮವಸ್ತ್ರವನ್ನು ಎರಡೂ ಕೈಯಲ್ಲಿ ಹಿಡಿದು ಮುಖಕ್ಕೆ ಒತ್ತಿಕೊಂಡು ಕೂತಿದ್ದರು. "ನಾನು ನಿಂತಿದ್ದು ಗೊತ್ತೇ ಆಗಿಲ್ಲ ಅವರಿಗೆ. ಕೂಗಿದೆ. ಎದ್ರು, ಚಪ್ಪಲಿ ಹಾಕ್ಕೊಂಡ್ರು, ಹೋದ್ರು. ಎಲ್ಲಿಗೆ ಅಂತ ಕೇಳ್ಲಿಲ್ಲ ನಾನು. ಏನಂತ ಕೇಳ್ಲಿ?"

ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಹನ್ನೊಂದು ತಿಂಗಳು. ಆರು ದಿನ ಕುಡಿದರು, ಏಳನೆಯ ದಿನ ರಕ್ತ ವಾಂತಿಯಾಗಿ ಆಸ್ಪತ್ರೆ ಸೇರಿದರು. ಈಗ ಮನೆಗೆ ಬಂದಿದ್ದಾರೆ. ಮತ್ತೆ ಕುಡಿತ ಬಿಟ್ಟು ಇವತ್ತಿಗೆ ಹತ್ತೊಂಬತ್ತು ದಿನ. ಡಾಕ್ಟರು ಹಿಂದೆ ಹೇಳಿದ್ದನ್ನೇ ಇನ್ನೂ ಗಟ್ಟಿಯಾಗಿ ಹೇಳಿದ್ದಾರೆ.

ಬೇರೆ ಕೆಲಸಕ್ಕೆ ಹಾಕಿ ಎಂದು ಸಿಂಕಕ್ಕ ಮೂರು ಅರ್ಜಿ ಕೊಟ್ಟಿದ್ದಾರೆ. ನಾನು ಮೇಲ್ವಿಚಾರಕರನ್ನೇ ಕಂಡು ಕೇಳಿದೆ. ಕೆಟ್ಟ ಮನುಷ್ಯರಲ್ಲ, ಕುರ್ಚಿ ಕೊಟ್ಟು ಮಾತಾಡಿಸಿದರು. "ಆಯಮ್ಮನ ಕೈಯಿಂದ ಒಂದು ಬಾಟ್ಲಿ ಆಚೆ ಹೋಗಿಲ್ಲ ಸಾರ್. ಅಂಥವರನ್ನ ಬಿಟ್ಟು ಇನ್ಯಾರನ್ನ ನಂಬಲಿ?" ಎಂದರು. ಒಳ್ಳೆಯತನಕ್ಕೆ ಸಿಕ್ಕ ಬಹುಮಾನ ಇದು. ನನಗೆ ಸಿಟ್ಟು ಬಂತು. ಬಂದು ಮಾಡುವುದೇನು, ಬರೆಯುತ್ತಿದ್ದೇನೆ.

ಅರ್ಜಿ ಮಂಜೂರಾದರೆ ಯಾವ ಕೆಲಸ ಬೇಕು ಎಂದು ಸಿಂಕಕ್ಕನನ್ನು ಕೇಳುತ್ತೇನೆ. ಟ್ರಾಲಿ ತಳ್ಳುವುದಾದರೂ ಸರಿ, ಶೌಚಾಲಯ ತೊಳೆಯುವುದಾದರೂ ಸರಿ ಎನ್ನುತ್ತಾರೆ. ಇದಕ್ಕಿಂತ ಕಷ್ಟದ ಕೆಲಸವಲ್ಲವೇ ಅದು ಎನ್ನುತ್ತೇನೆ.

"ಆಗ್ಲಿ ಬಿಡಿ. ಬರೀ ಬೆವರು ನಾರ್ತಾ ಇರ್ತೀನಿ. ಹಂಗೇ ಸೀದಾ ಮನೆಗೆ ಹೋಗಿ, ಅವರ ಪಕ್ಕದಲ್ಲಿ ಕೂತ್ಕೊಬೇಕು ಸರ್. ವರ್ಷ ಆಯ್ತು, ಎಷ್ಟು ತೊಳ್ಕೊಂಡ್ರೂ ಹತ್ರ ಕೂರೋಕೆ ಹೆದರ್ತೀನಿ."